ಡಿವೈಡರ್‌ಗೆ ಗುದ್ದಿದರೆ ತಪ್ಪು ಯಾರದು?

ಪ್ರಶ್ನೆ: ಮಳೆಯಲ್ಲಿ ಹೆಬ್ಬಾಳದ ಹತ್ತಿರ ಗುಂಡಿ ತಪ್ಪಿಸಲು ಹೋಗಿ ಕಾರು ಡಿವೈಡರ್‌ಗೆ ಗುದ್ದಿತು. ಬೇರೆ ಗಾಡಿ ಇರಲಿಲ್ಲ. ತಪ್ಪು ನನ್ನದೇ ಅಂತ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕುತ್ತಾರಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಅಷ್ಟಕ್ಕೇ ತಳ್ಳಿಹಾಕುವುದಿಲ್ಲ. ಮೊದಲು ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ನಷ್ಟಕ್ಕೆ ಮಾತ್ರ) ಆಗಿದ್ದರೆ ನಿಮ್ಮ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಸಿಗಲ್ಲ. ಕಾಂಪ್ರಹೆನ್ಸಿವ್ (ನಿಮ್ಮ ಕಾರಿನ ನಷ್ಟಕ್ಕೂ ಸೇರಿದ್ದು) ಇದ್ದರೆ, ಎಡವಟ್ಟು ನಿಮ್ಮದೇ ಆದರೂ ಹಣ ಬರುತ್ತದೆ. ಅವರಿಗೆ ಗುಂಡಿಯ ಕಥೆ ಬೇಕಿಲ್ಲ. ಕುಡಿದಿದ್ದಿರಾ, ಡಿಎಲ್ ಚಾಲ್ತಿಯಲ್ಲಿತ್ತಾ, ಸ್ವಂತದ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದಿರಾ ಅನ್ನುವುದೇ ಮುಖ್ಯ. ನಷ್ಟ ಅಂದಾಜಿಸುವ ಸರ್ವೇಯರ್ ಬಂದರೆ ಬಂಪರ್ ಬಿರುಕು, ಬಣ್ಣ ಉಜ್ಜಿದ ಗುರುತು ನಿಮ್ಮ ಹೇಳಿಕೆಗೆ ಹೊಂದುತ್ತಾ ಅಂತ ನೋಡುತ್ತಾರೆ, ಹಾಗಾಗಿ ಗಾಡಿ ಸರಿಸುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಕ್ಷಣ ತಿಳಿಸಬೇಕು.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ: ಎಂಜಿನ್ ಅಡಿಯ ಆಯಿಲ್ ಸಂಪ್ (ಆಯಿಲ್ ತೊಟ್ಟಿ) ಒಡೆದು ಸೋರುತ್ತಿದ್ದರೂ ಮನೆವರೆಗೆ ಓಡಿಸಿಬಿಟ್ಟರೆ, ಆಯಿಲ್ ಇಲ್ಲದೆ ಸೀಜ್ (ಜಾಮ್) ಆದ ಎಂಜಿನ್‌ಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರಲ್ಲ. ಟೋ ಮಾಡಿಸಿ. ಝೀರೋ ಡೆಪ್ (ಸವೆತದ ಕಡಿತ ಮಾಡದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ. ಸಣ್ಣ ಗೀಚಾಗಿದ್ದರೆ ಕ್ಲೇಮ್ ಮಾಡಬೇಡಿ, 50% ವರೆಗೆ ಸಿಗುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ನಿಮ್ಮ ಕಾರಿನ ನಷ್ಟದ ಭಾಗದ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ) ಸುಮ್ನೆ ಹೋಗುತ್ತದೆ, ಅಲ್ವಾ?