ವಯಸ್ಸಾದ ಬೆಕ್ಕಿನ ಕಿವಿ ಹಿಂದಿನ ಗಾಯ ಮಾಯ್ತಾ ಇಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಮೂರು ವರ್ಷದ ಹಿಂದಿನ ನಮ್ಮ ಮನೆ ನೆನಪಾಯಿತು. ನಿಮ್ಮದು 13 ವರ್ಷದ ಬೆಕ್ಕು, ಹೊಸ್ತಿಲು ದಾಟುವುದೇ ಇಲ್ಲ. ಕಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಗಾಯ, ಎಂಟು ದಿನವಾದರೂ ಮಾಯುತ್ತಿಲ್ಲ. ಮನೆಯಲ್ಲಿದ್ದ ಮುಲಾಮು ಹಚ್ಚುತ್ತಿದ್ದೀರಿ. ಅರಿಶಿನ ಹಚ್ಚಬಹುದಾ ಅಂತ ಕೇಳಿದ್ದೀರಿ. ಬೆಕ್ಕನ್ನು ಒಯ್ಯುವ ಬುಟ್ಟಿ ಕಂಡರೇ ನಡುಗುತ್ತದೆ, ಡಾಕ್ಟರ ಹತ್ತಿರ ಹೋಗಲೇಬೇಕಾ ಅಂತಲೂ ಕೇಳಿದ್ದೀರಿ.

ಹೋಗಲೇಬೇಕು. ಮುಲಾಮನ್ನು ಇವತ್ತೇ ನಿಲ್ಲಿಸಿ. ಅರಿಶಿನ ಬೇಡ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಬೆಕ್ಕು ಪುಟ್ಟಿಗೆ ಆಗ 14 ವರ್ಷ. ಅವಳಿಗೂ ಕುತ್ತಿಗೆಯ ಮೇಲೆ, ಕಿವಿಯಿಂದ ಸ್ವಲ್ಪ ಕೆಳಗೆ ಗಾಯವಾಗಿತ್ತು. ಮನೆಯಲ್ಲಿ ಇನ್ನೊಂದು ಬೆಕ್ಕಿಲ್ಲ, ನಾಯಿಯಿಲ್ಲ. ಎಲ್ಲೋ ಮಂಚದ ಕೆಳಗೆ ನುಸುಳುವಾಗ ಮೊಳೆ ತಗುಲಿರಬೇಕು ಅಂದುಕೊಂಡೆ. ಮೆಡಿಕಲ್ ಶಾಪಿನಿಂದ ತಂದ ಒಂದು ಟ್ಯೂಬ್ ಇತ್ತು, ಅದನ್ನೇ ಹಚ್ಚಿದೆ. ಮೇಲೆ ಹಕ್ಕಳೆ ಕಟ್ಟಿತು, ವಾಸಿಯಾಯಿತು ಅಂದುಕೊಂಡೆ. ಮಾರನೇ ದಿನ ಮತ್ತೆ ಹಸಿ ಗಾಯ. ಹೀಗೇ ಹತ್ತು ದಿನ ಕಳೆದೆ. ಆ ಹತ್ತು ದಿನದ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಡಾಕ್ಟರು ಗಾಯವನ್ನು ಒಂದು ನಿಮಿಷ ನೋಡಿದರು ಅಷ್ಟೇ. ಉಳಿದ ಅರ್ಧ ಗಂಟೆ ಬೆಕ್ಕನ್ನು ನೋಡಿದರು. ಬಾಲದ ಬುಡದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಪುಡಿ ಕರಗಿ ತುಕ್ಕಿನ ಬಣ್ಣ ಬಿಟ್ಟುಕೊಂಡಿತು. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಮನೆಯೊಳಗೇ ಇರುವ ಬೆಕ್ಕಿಗೆ ಚಿಗಟ ಎಲ್ಲಿಂದ ಅಂತ ಕೇಳಿದೆ. ನಮ್ಮ ಬಟ್ಟೆಯಲ್ಲೇ ಬರಬಹುದು, ಬೀದಿನಾಯಿ ಮಲಗಿ ಎದ್ದ ಮೆಟ್ಟಿಲಿನಿಂದ ಬರಬಹುದು. ಅಲರ್ಜಿ ಇರುವ ಬೆಕ್ಕಿಗೆ ನಾಲ್ಕಾರು ಕಡಿತ ಸಾಕು, ಮೈಯೆಲ್ಲ ತುರಿಕೆ ಶುರುವಾಗುತ್ತದೆ.

ಆಮೇಲೆ ಹಿಂಗಾಲನ್ನು ಎತ್ತಿ ತೋರಿಸಿದರು. ಉಗುರು ದಪ್ಪಗಾಗಿ ಕೊಕ್ಕೆಯಂತೆ ಬಾಗಿತ್ತು. ವಯಸ್ಸಾದ ಬೆಕ್ಕುಗಳಿಗೆ ಕೀಲುನೋವು ಜಾಸ್ತಿ. ಹಾಗಾಗಿ ಅವು ಉಗುರು ಮಸೆಯುವುದನ್ನು ಕಡಿಮೆ ಮಾಡುತ್ತವೆ, ಉಗುರು ಬೆಳೆಯುತ್ತಲೇ ಹೋಗುತ್ತದೆ. ಕೆಲವು ಬೆಕ್ಕುಗಳಲ್ಲಿ ಅದು ತಿರುಗಿ ಪಂಜದ ಮೆತ್ತೆಗೇ ಚುಚ್ಚಿಕೊಂಡು ಕೀವಾಗುತ್ತದೆ. ನಮ್ಮ ಪುಟ್ಟಿ ಆ ಉಗುರಿನಿಂದ ಕುತ್ತಿಗೆ ಕೆರೆದುಕೊಂಡು ಚರ್ಮ ಕಿತ್ತುಕೊಂಡಿದ್ದಳು. ನಾನು ಹಗಲು ಮುಲಾಮು ಹಚ್ಚುತ್ತಿದ್ದೆ, ಅವಳು ರಾತ್ರಿ ಮತ್ತೆ ಕೆರೆಯುತ್ತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ವಯಸ್ಸು ನೋಡಿ ರಕ್ತಪರೀಕ್ಷೆ ಮಾಡಿಸೋಣ ಅಂದರು. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಜಾಸ್ತಿ ಬಂತು, ಕಿಡ್ನಿ ಸೋಲಲು ಶುರುವಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನೀರು ಸ್ವಲ್ಪ ಜಾಸ್ತಿ ಕುಡಿಯುತ್ತಿದ್ದಳು, ಬೇಸಿಗೆ ಅಲ್ವಾ ಅಂದುಕೊಂಡಿದ್ದೆ. ನೋವಿಗೆ ಸಾಮಾನ್ಯವಾಗಿ ಕೊಡುವ ಮೆಲಾಕ್ಸಿಕ್ಯಾಮ್‌ನಂಥ ಔಷಧಿ ಇಂಥ ಕಿಡ್ನಿಗೆ ಹೊರೆ, ಹಾಗಾಗಿ ಅದನ್ನು ಬಿಟ್ಟು ಬೇರೆ ಕೊಟ್ಟರು. ರಕ್ತ ನೋಡದೇ ಕೊಟ್ಟಿದ್ದರೆ ಏನಾಗುತ್ತಿತ್ತೋ.

ನಿಮ್ಮ ಬೆಕ್ಕಿಗೂ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಕಾರಣ ಬೇರೆ ಇರಬಹುದು. ಆದರೆ ಮನೆಯೊಳಗಿನ ಮುದಿ ಬೆಕ್ಕಿಗೆ ಸುಮ್ನೆ ಗಾಯ ಆಗುವುದಿಲ್ಲ, ಆದರೂ ಎಂಟು ದಿನ ಹಾಗೇ ಉಳಿಯುವುದಿಲ್ಲ. ಕಿವಿಯೊಳಗೆ ನುಸಿ ಅಥವಾ ಸೋಂಕು ಇದ್ದರೂ ಕಿವಿಯ ಹಿಂದೆ ಕೆರೆಯುತ್ತವೆ. ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕೊಳೆ ಇದೆಯಾ ನೋಡಿ. ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಚೆನ್ನಾಗಿ ತಿಂದರೂ ತೆಳ್ಳಗಾಗುತ್ತದೆ, ಕೂದಲು ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಗಾಯ ಬೇಗ ಮಾಯುವುದಿಲ್ಲ. ಅಪರೂಪಕ್ಕೆ ಚರ್ಮವೇ ಕಾಗದದಷ್ಟು ತೆಳುವಾಗಿ, ಎತ್ತಿಕೊಂಡರೂ ಹರಿಯುವಂಥ ಕಾಯಿಲೆ ಬರುತ್ತದೆ.

ಬಿಳಿ ಬೆಕ್ಕಾದರೆ ಇನ್ನೊಂದು ಭಯ ಇದೆ. ವರ್ಷಗಟ್ಟಲೆ ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿದ ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗು, ರೆಪ್ಪೆಯಲ್ಲಿ ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಕಟ್ಟುತ್ತಾ ಇದ್ದರೆ ಅದು ಚರ್ಮದ ಕ್ಯಾನ್ಸರ್ ಆಗಿರಬಹುದು. ಕಿವಿತುದಿಯಲ್ಲಿ ಬೇಗ ಸಿಕ್ಕರೆ ಆ ಭಾಗ ಕತ್ತರಿಸಿ ತೆಗೆದು ಉಳಿಸಿಕೊಳ್ಳಬಹುದು. ಮುಲಾಮು ಹಚ್ಚುತ್ತಾ ಕೂತರೆ ಆ ಅವಕಾಶ ಹೋಗುತ್ತದೆ.

ಈಗ ಅರಿಶಿನದ ವಿಷಯ. ನಮ್ಮಮ್ಮನೂ ಅದನ್ನೇ ಹೇಳಿದ್ದರು. ನಮಗೆಲ್ಲ ಚಿಕ್ಕಂದಿನಿಂದ ಮೊಣಕಾಲು ತರಚಿದರೆ ಅರಿಶಿನ ತಾನೇ. ಆದರೆ ಅರಿಶಿನ ಒಣಗಿ ಗಾಯಕ್ಕೆ ಗಟ್ಟಿಯಾಗಿ ಅಂಟುತ್ತದೆ. ಒಳಗೆ ಕೀವಿದ್ದರೆ ಅಲ್ಲೇ ಉಳಿಯುತ್ತದೆ. ಗಾಯದ ಬಣ್ಣ ಏನು, ಅಂಚು ಹೇಗಿದೆ ಅಂತ ಡಾಕ್ಟರಿಗೂ ಕಾಣುವುದಿಲ್ಲ. ಬೆಕ್ಕಂತೂ ಅದನ್ನು ತೆಗೆಯಲು ಇನ್ನಷ್ಟು ಕೆರೆಯುತ್ತದೆ.

ಬೆಕ್ಕಿಗೆ ಏನು ಹಚ್ಚಿದರೂ ಅದು ಕೊನೆಗೆ ಹೊಟ್ಟೆಗೇ ಹೋಗುತ್ತದೆ. ನೆಕ್ಕಲು ಸಿಗದ ಜಾಗವಾದರೆ ಪಂಜದಿಂದ ಒರೆಸಿಕೊಂಡು ಪಂಜವನ್ನು ನೆಕ್ಕುತ್ತದೆ. ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಆದ್ದರಿಂದ ನೀರಿಗೆ ಹಾಕಿದರೆ ಬೆಳ್ಳಗಾಗುವ ಡೆಟಾಲ್‌ನಂಥ ದ್ರವ ಬೇಡವೇ ಬೇಡ. ಫಿನಾಯಿಲ್, ಸೀಮೆಎಣ್ಣೆ, ದನಗಳ ಗಾಯದ ಹುಳಕ್ಕೆ ಹಾಕುವ ಟರ್ಪೆಂಟೈನ್, ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವಾಗ ಕ್ಲೀನ್ ಆದಂತೆ ಕಾಣುತ್ತದೆ, ಆದರೆ ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೂ ಸುಡುತ್ತದೆ. ನಮ್ಮ ಚರ್ಮದ ತುರಿಕೆಗೆ ಬಳಸುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಗಾಯ ಮಾಯುವುದನ್ನು ತಡ ಮಾಡುತ್ತದೆ. ನಾನು ಹಚ್ಚಿದ ಟ್ಯೂಬಿನಲ್ಲೂ ಅದೇ ಇತ್ತು. ನಿಮ್ಮ ಟ್ಯೂಬಿನ ಹಿಂದೆ ಬರೆದಿರುವುದನ್ನು ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ನೋವಿಗೆ ಅಂತ ಪ್ಯಾರಾಸಿಟಮಾಲ್ ದಯವಿಟ್ಟು ಕೊಡಬೇಡಿ. 500 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ ಕೊಟ್ಟರೂ ಬೆಕ್ಕಿನ ಜೀವ ಹೋಗಬಹುದು. ಅದು ಬೆಕ್ಕಿನ ರಕ್ತಕಣಗಳನ್ನೇ ಕೆಡಿಸುತ್ತದೆ. ಮಕ್ಕಳ ಸಿರಪ್ ಕೂಡ ಬೇಡ, ಅದೂ ಅದೇ ಔಷಧಿ. ಚಿಗಟ ಕಂಡರೂ ನಾಯಿಗೆ ಹಾಕುವ ಡ್ರಾಪ್ಸ್ ಹಾಕಬೇಡಿ. ಅವುಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ, ಅದು ಬೆಕ್ಕಿಗೆ ವಿಷ, ಫಿಟ್ಸ್ ಬರುತ್ತದೆ.

ಡಾಕ್ಟರು ಸಿಗುವವರೆಗೆ ಏನು ಮಾಡಬಹುದು? ಉಪ್ಪುನೀರು ಸಾಕು. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಮಟ್ಟಸವಾಗಿ ಪುಡಿ ಉಪ್ಪು ಹಾಕಿ, ಆರಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿಯಾದರೆ ಇನ್ನೂ ಸುಲಭ. ಹತ್ತಿ ಬೇಡ, ಎಳೆ ಗಾಯದೊಳಗೆ ಅಂಟಿಕೊಳ್ಳುತ್ತದೆ. ಗಾಜ್ ಬಟ್ಟೆಯನ್ನು ನೆನೆಸಿ ಒಂದೆರಡು ನಿಮಿಷ ಗಾಯದ ಮೇಲೆ ಮೆತ್ತಗೆ ಇಡಿ, ಹಕ್ಕಳೆ ತಾನಾಗಿ ಮೆದುವಾಗುತ್ತದೆ. ಕೀಳಬೇಡಿ. ದಿನಕ್ಕೆ ಎರಡು ಸಲ ಸಾಕು. ಒಬ್ಬರು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡರೆ ಇನ್ನೊಬ್ಬರು ಒರೆಸಬಹುದು. ಬ್ಯಾಂಡೇಜು ಕಟ್ಟಬೇಡಿ, ಕುತ್ತಿಗೆಯ ಹತ್ತಿರವಂತೂ ಉಸಿರಿಗೆ ತೊಂದರೆ. ಸುತ್ತಲಿನ ಕೂದಲನ್ನು ಕತ್ತರಿಯಿಂದ ಕತ್ತರಿಸಲೂ ಹೋಗಬೇಡಿ. ಬೆಕ್ಕಿನ ಚರ್ಮ ಸಡಿಲ, ಕೂದಲಿನ ಜೊತೆ ಕತ್ತರಿಗೆ ಸಿಕ್ಕಿಬಿಡುತ್ತದೆ.

ಪ್ರತಿದಿನ ಗಾಯದ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಗಾಯ ಬೆಳೆಯುವುದು ಗೊತ್ತಾಗುವುದಿಲ್ಲ. ತೂಕವನ್ನೂ ಬರೆದಿಡಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಆಯಿತು. ನಾಲ್ಕು ಕೆಜಿ ಬೆಕ್ಕು ಅರ್ಧ ಕೆಜಿ ಇಳಿದರೆ ಅದು ದೊಡ್ಡ ವಿಷಯ.

ಕೆಲವು ಲಕ್ಷಣ ಕಂಡರೆ ಮಾತ್ರ ನಾಳೆವರೆಗೆ ಕಾಯಬೇಡಿ, ತಕ್ಷಣ ಹೊರಡಿ. ಗಾಯ ವಾಸನೆ ಬಂದರೆ, ಕೀವು ಸೋರಿದರೆ, ಸುತ್ತ ಊದಿ ಬಿಸಿಯಾಗಿದ್ದರೆ, ಗಾಯದಲ್ಲಿ ಹುಳ ಕಂಡರೆ. ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳುವುದು ಮನೆಯೊಳಗಿನ ಬೆಕ್ಕಿಗೂ ಆಗುತ್ತದೆ. ಒಂದು ಇಡೀ ದಿನ ಊಟ ಬಿಟ್ಟರೂ ಹೊರಡಿ. ಬೆಕ್ಕು ಕೆಲವು ದಿನ ಉಪವಾಸ ಇದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಗಾಯಕ್ಕಿಂತ ಅದೇ ಜೀವಕ್ಕೆ ಮುಳುವಾಗುತ್ತದೆ.

ಹೊರಗಿನ ಬೆಕ್ಕು ಅಥವಾ ನಾಯಿ ಕಚ್ಚಿರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಅದನ್ನು ಡಾಕ್ಟರಿಗೆ ಹೇಳಿ, ರೇಬೀಸ್ ಲಸಿಕೆಯ ಕಾರ್ಡ್ ತೆಗೆದುಕೊಂಡು ಹೋಗಿ. ಕ್ಲೀನ್ ಮಾಡುವಾಗ ನಿಮಗೇ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಕೈ ಒಂದೇ ದಿನದಲ್ಲಿ ಊದಿಕೊಳ್ಳಬಹುದು.

ಡಾಕ್ಟರ ಹತ್ತಿರ ಎರಡು ವಿಷಯ ನೀವಾಗಿಯೇ ಕೇಳಿ. ಕಿಡ್ನಿ, ಸಕ್ಕರೆ, ಥೈರಾಯ್ಡ್ ಮೂರಕ್ಕೂ ರಕ್ತಪರೀಕ್ಷೆ ಮಾಡಿಸೋಣವಾ ಅಂತ ಒಂದು. ತುರಿಕೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದಾದರೆ ಅದಕ್ಕೆ ಮೊದಲೇ ಸಕ್ಕರೆ ನೋಡಿದ್ದಾರಾ ಅಂತ ಇನ್ನೊಂದು. ಸ್ಟೀರಾಯ್ಡ್‌ನಿಂದ ಕೆಲವು ಬೆಕ್ಕುಗಳಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಖರ್ಚಿನ ಚಿಂತೆ ಇದ್ದರೆ ಸಂಕೋಚಪಡಬೇಡಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ ಈ ಐದೂ ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮೂರಿಗೆ ಹತ್ತಿರ ಇರುವಲ್ಲಿ ಕಡಿಮೆ ಖರ್ಚಿನಲ್ಲಿ ನೋಡುತ್ತಾರಾ ಅಂತ ವಿಚಾರಿಸಿ ನೋಡಿ.

ಗಾಯ ಕೆರೆಯದಂತೆ ಕುತ್ತಿಗೆಗೆ ಕೋನ್, ಅಂದರೆ ಲಾಳಿಕೆಯಂಥ ಕಾಲರ್ ಹಾಕಿ ಅನ್ನುತ್ತಾರೆ. ಪಾಪ ಅನಿಸುತ್ತದೆ, ನನಗೂ ಅನಿಸಿತ್ತು, ಎರಡನೇ ದಿನವೇ ತೆಗೆದುಬಿಟ್ಟಿದ್ದೆ. ಒಂದು ರಾತ್ರಿಯಲ್ಲಿ ಗಾಯ ಮತ್ತೆ ಬಿಚ್ಚಿಕೊಂಡಿತು. ಆಮೇಲೆ ಬಟ್ಟೆಯ ಮೆತ್ತನೆ ಕಾಲರ್ ತಂದೆ, ಊಟದ ತಟ್ಟೆಯನ್ನು ಒಂದು ಡಬ್ಬಿಯ ಮೇಲೆ ಎತ್ತರಕ್ಕೆ ಇಟ್ಟೆ, ತಿಂದಳು. ಹಿಂಗಾಲಿನ ಉಗುರನ್ನು ಡಾಕ್ಟರು ಕತ್ತರಿಸಿಕೊಟ್ಟರು. ಚಿಗಟಕ್ಕೆ ಬೆಕ್ಕಿನದೇ ಡ್ರಾಪ್ಸ್, ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆತ. ನಾಲ್ಕು ವಾರ ಹಿಡಿಯಿತು. ಮೊದಲು ಗುಲಾಬಿ ಚರ್ಮ ಬಂತು, ಆಮೇಲೆ ಮೆತ್ತಗೆ ಕೂದಲು. ಈಗ ಪುಟ್ಟಿಗೆ 17, ಕಿಡ್ನಿ ಕಾಯಿಲೆಯ ಬೆಕ್ಕಿಗೆಂದೇ ಇರುವ ಊಟ ತಿನ್ನುತ್ತಾ ಕಿಟಕಿ ಪಕ್ಕ ಮಲಗಿರುತ್ತಾಳೆ.

ಬುಟ್ಟಿಯ ಭಯಕ್ಕೆ ಒಂದು ಉಪಾಯ ಹೇಳುತ್ತೇನೆ. ಬುಟ್ಟಿಯನ್ನು ಇವತ್ತು ರಾತ್ರಿಯೇ ಅಟ್ಟದಿಂದ ಇಳಿಸಿ, ಬಾಗಿಲು ತೆಗೆದು, ಬೆಕ್ಕು ಮಲಗುವ ಹಳೇ ಬಟ್ಟೆಯನ್ನೇ ಒಳಗೆ ಹಾಸಿ ನಡುಮನೆಯಲ್ಲಿ ಇಟ್ಟುಬಿಡಿ. ಊಟವನ್ನು ಬುಟ್ಟಿಯ ಬಾಗಿಲಲ್ಲೇ ಇಡಿ. ಕ್ಲಿನಿಕ್‌ಗೆ ಫೋನ್ ಮಾಡಿ, ಭಯ ತಗ್ಗಿಸುವ ಮಾತ್ರೆ ಹೊರಡುವ ಮುಂಚೆ ಕೊಡಬಹುದಾ ಅಂತ ಕೇಳಿ, ವಯಸ್ಸನ್ನೂ ಹೇಳಿ. ದಾರಿಯಲ್ಲಿ ಬುಟ್ಟಿಯ ಮೇಲೆ ಟವೆಲ್ ಮುಚ್ಚಿ. ನಾಯಿಗಳಿಲ್ಲದ ಹೊತ್ತಿಗೆ ಅಪಾಯಿಂಟ್‌ಮೆಂಟ್ ಕೇಳಿದರೆ ಕೊಡುತ್ತಾರೆ. ಹೋಗಿ ಬಂದ ಮೇಲೆ ಡಾಕ್ಟರು ಏನಂದರು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.