ಓದುಗರ ಪ್ರಶ್ನೆ: ಕಾರ್ಡಿನ ಮೇಲೆ ಅರಳದ ಗುಲಾಬಿ

ಪ್ರಶ್ನೆ: ಕ್ರೇಪ್ ಕಾಗದದ ಗುಲಾಬಿ ಮಾಡಿ ಶುಭಾಶಯದ ಕಾರ್ಡಿಗೆ ಅಂಟಿಸಿದರೆ ಎಸಳು ಚಪ್ಪಟೆಯಾಗಿ ಕಾಣುತ್ತವೆ, ಕಾರ್ಡೂ ಸೊಟ್ಟಗಾಗುತ್ತದೆ. ತಪ್ಪು ಎಲ್ಲಿ?

ಉತ್ತರ: ಎಸಳನ್ನು ಬಹುಶಃ ಅಡ್ಡಡ್ಡ ಕತ್ತರಿಸುತ್ತಿದ್ದೀರಿ. ಕ್ರೇಪ್‌ನ ಸುಕ್ಕುಗೆರೆ ಬುಡದಿಂದ ತುದಿಗೆ ನೆಟ್ಟಗಿದ್ದರೆ ಮಾತ್ರ ಎಸಳು ಅಗಲಕ್ಕೆ ಹಿಗ್ಗುತ್ತದೆ. ಎರಡು ಸೆಂ.ಮೀ.ನ ಐದು, ಮೂರು ಸೆಂ.ಮೀ.ನ ಏಳು ಎಸಳು ಸಾಕು. ಎರಡೂ ಹೆಬ್ಬೆರಳನ್ನು ಎಸಳಿನ ನಡುವೆ ಇಟ್ಟು ಮೆಲ್ಲಗೆ ಹೊರಕ್ಕೆ ಎಳೆಯಿರಿ, ಬಟ್ಟಲಿನಂತೆ ಗುಳಿ ಬೀಳುತ್ತದೆ. ಅಂಚು ಎಳೆಯಬೇಡಿ, ಅಲೆಅಲೆಯಾಗಿ ದಾಸವಾಳದ ಹಾಗಾಗುತ್ತದೆ! ಮೇಲಂಚನ್ನು ಖಾಲಿ ರೀಫಿಲ್‌ಗೆ ಸುತ್ತಿ ಹಿಂದಕ್ಕೆ ಮಡಿಸಿ. ಮೊದಲ ಎಸಳನ್ನು ಬಿಗಿಯಾಗಿ ಮೊಗ್ಗಿನಂತೆ ಸುರುಳಿ ಸುತ್ತಿ, ಉಳಿದವನ್ನು ಹಿಂದಿನ ಎರಡು ಎಸಳಿನ ಸಂದಿ ಮುಚ್ಚುವಂತೆ ಅಂಟಿಸಿ. ಬುಡಕ್ಕೆ ಹತ್ತಿಯಿಂದ ಗಾಢ ಬಣ್ಣದ ಸೀಮೆಸುಣ್ಣದ ಪುಡಿ ಸವರಿದರೆ ನಿಜದ ಹೂವಿನ ನೆರಳು ಬರುತ್ತದೆ. ಈ ನೆರಳು ಕೊಡದಿದ್ದರೆ ಉಳಿದ ಶ್ರಮ ದಂಡ ಎನ್ನಬಹುದು.

ಕಾರ್ಡು ಸೊಟ್ಟಗಾಗುವುದು ಬಿಳಿ ಅಂಟಿನ ನೀರಿನಿಂದ. ಅದೇ ನೀರು ಕ್ರೇಪ್‌ನ ಬಣ್ಣವನ್ನೂ ಬಿಡಿಸುತ್ತದೆ. ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ದಪ್ಪ ಕಾಗದ ಬಳಸಿ. ಹೂವಿನ ಬುಡವನ್ನು ಸಮನಾಗಿ ಕತ್ತರಿಸಿ, ರೂಪಾಯಿ ನಾಣ್ಯದಗಲದ ದಪ್ಪ ಕಾಗದದ ಬಿಲ್ಲೆಗೆ ಅಂಟಿಸಿ. ಅದು ಒಣಗಿದ ಮೇಲೆ ಬಿಲ್ಲೆಯನ್ನು ಎರಡು ಬದಿಯ ಟೇಪಿನಿಂದ ಕಾರ್ಡಿಗೆ ಕೂರಿಸಿ. ಅಂಚೆಗೆ ಹಾಕುವುದಿದ್ದರೆ ಮಾಮೂಲಿ ಲಕೋಟೆ ಬೇಡ, ಚಪ್ಪಟೆ ರಟ್ಟಿನ ಡಬ್ಬಿಯಲ್ಲಿಡಿ.