ಟೊಮೆಟೊ ದುಡ್ಡಲ್ಲಿ ಚಿನ್ನದ ಟ್ರೇಡಿಂಗ್ ಮಾಡಬಹುದಾ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನವನು, ಎರಡು ಎಕರೆ ಟೊಮೆಟೊ ಬೆಳೆಯುತ್ತೇನೆ. ಈ ಸಲ ಒಂದೂವರೆ ಲಕ್ಷ ಕೈಯಲ್ಲಿ ಉಳಿದಿದೆ. ರೇಟಿನ ಏರಿಳಿತ ನಿನಗೆ ಗೊತ್ತೇ ಇದೆ, ಕಮಾಡಿಟಿ ಟ್ರೇಡಿಂಗ್ ಮಾಡು ಅಂತಾನೆ ಸ್ನೇಹಿತ. ಟ್ರೇಡಿಂಗ್ ಖಾತೆಯ ಪಾಸ್‌ವರ್ಡ್ ಕೊಟ್ಟರೆ ತಾನೇ ನೋಡಿಕೊಳ್ಳುತ್ತಾನಂತೆ. ಟೊಮೆಟೊದಲ್ಲೇ ಮಾಡಬಹುದಾ? ಎಷ್ಟರಿಂದ ಶುರು ಮಾಡಲಿ?

ಉತ್ತರ: ಟೊಮೆಟೊದಲ್ಲಿ ಆಗೋದಿಲ್ಲ. ಕಮಾಡಿಟಿ ಟ್ರೇಡಿಂಗ್ ಅಂದರೆ ಹೆಚ್ಚಾಗಿ ವಾಯಿದೆ ವ್ಯಾಪಾರ, ಮುಂದಿನ ಒಂದು ತಾರೀಖಿನ ಮಾಲನ್ನು ಇವತ್ತೇ ರೇಟು ಹೇಳಿ ಕೊಳ್ಳೋದು, ಮಾರೋದು. ನಾಲ್ಕು ದಿನಕ್ಕೆ ಕೊಳೆಯುವ ಮಾಲಿಗೆ ಎಕ್ಸ್‌ಚೇಂಜಿನಲ್ಲಿ ಅದು ಇಲ್ಲ. ಎಂಸಿಎಕ್ಸ್ ಅನ್ನೋ ಎಕ್ಸ್‌ಚೇಂಜಿನಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಚ್ಚಾ ತೈಲ ನಡೆಯುತ್ತವೆ. ಎನ್‌ಸಿಡಿಇಎಕ್ಸ್ ಅನ್ನೋ ಇನ್ನೊಂದರಲ್ಲಿ ಅರಿಶಿನ, ಜೀರಿಗೆ ಇಂಥವು.

ಇನ್ನು ರೇಟು ಗೊತ್ತು ಅನ್ನೋ ಮಾತು. ಕೋಲಾರದ ಮಂಡಿಯಲ್ಲಿ ನಾನು ಬಹಳ ವರ್ಷ ಲೆಕ್ಕ ಬರೆದವನು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನೂ ಕಂಡಿದ್ದೇನೆ, ಬಾಡಿಗೆ ಗಿಟ್ಟದೆ ಹಣ್ಣು ರಸ್ತೆ ಪಕ್ಕ ಸುರಿದದ್ದನ್ನೂ ಕಂಡಿದ್ದೇನೆ. ಆದರೆ ಸುರಿದವನು ಮನೆಗೆ ಹೋಗಿ ಮಲಗಬಹುದು. ವಾಯಿದೆಯಲ್ಲಿ ಹಾಗೆ ಸುರಿದು ಬರೋಕಾಗಲ್ಲ. ಬೆಳಿಗ್ಗೆ ಇನ್ನಷ್ಟು ದುಡ್ಡು ಕಟ್ಟಿ ಅಂತ ಬ್ರೋಕರ್‌ನಿಂದ ಫೋನ್ ಬರುತ್ತದೆ.

ನನಗೆ ಬಂತು. 2013ರ ಏಪ್ರಿಲ್‌ನಲ್ಲಿ ಹದಿನೈದು ಸಾವಿರ ಮಾರ್ಜಿನ್, ಅಂದರೆ ಠೇವಣಿ, ಇಟ್ಟು ಗೋಲ್ಡ್ ಮಿನಿ ಅನ್ನೋ ಚಿನ್ನದ ವಾಯಿದೆ ಒಂದು ಕೊಂಡಿದ್ದೆ. ಮಿನಿ ಅಂದರೆ 100 ಗ್ರಾಂ, ಆಗ ಹತ್ತಿರ ಹತ್ತಿರ ಮೂರು ಲಕ್ಷದ ಮಾಲು. ನಾನು ಮಾತ್ರ ಹದಿನೈದು ಸಾವಿರದ ವ್ಯಾಪಾರ ಅಂತಲೇ ಅಂದುಕೊಂಡಿದ್ದೆ. ರೇಟು ಹೇಳೋದು 10 ಗ್ರಾಂಗೆ, ಲಾಟು, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಅಳತೆ, 100 ಗ್ರಾಂ. ಹಾಗಾಗಿ ರೇಟು ಒಂದು ರೂಪಾಯಿ ಇಳಿದರೆ ನನಗೆ ಹತ್ತು ರೂಪಾಯಿ ಹೋಗುತ್ತದೆ. 12ನೇ ತಾರೀಖು ಶುಕ್ರವಾರ ಬೀಳೋಕೆ ಶುರುವಾಗಿದ್ದು ಸೋಮವಾರ ರಾತ್ರಿಯೊಳಗೆ 2,000ಕ್ಕಿಂತ ಜಾಸ್ತಿ ಇಳಿಯಿತು. ಇಟ್ಟ ದುಡ್ಡೂ ಹೋಯಿತು, ಮೇಲೆ ಬಾಕಿಯೂ ಬಂತು. ಹೆಂಡತಿಗೆ ಹೇಳಿದ್ದು ಯುಗಾದಿ ಎಷ್ಟೋ ದಿನ ಕಳೆದ ಮೇಲೆ.

ನನ್ನದು ಸಣ್ಣ ಕಥೆ. 2020ರ ಏಪ್ರಿಲ್ 20ರಂದು ಲಾಕ್‌ಡೌನ್ ಕಾರಣಕ್ಕೆ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತ್ತು. ಆ ರಾತ್ರಿ ಅಮೆರಿಕದಲ್ಲಿ ಕಚ್ಚಾ ತೈಲದ ರೇಟು ಸೊನ್ನೆಗಿಂತ ಕೆಳಗೆ ಹೋಯಿತು. ಇಲ್ಲಿ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿ ಲೆಕ್ಕದಲ್ಲಿ ಚುಕ್ತಾ ಮಾಡಿದರು. 100 ಬ್ಯಾರೆಲ್‌ನ ಒಂದು ಲಾಟು ಕೊಂಡಿದ್ದವನು ಕೊಂಡ ಬೆಲೆಯನ್ನೆಲ್ಲ ಕಳೆದುಕೊಂಡು ಮೇಲೆ 2,88,400 ಕಟ್ಟಬೇಕಾಯಿತು. ಅವನಿಗೆ ಹೊರಬರಲು ಬಾಗಿಲೇ ತೆರೆದಿರಲಿಲ್ಲ.

ಇಷ್ಟಾದರೂ ಕಲಿಯಬೇಕು ಅನಿಸಿದರೆ ಮೂರು ತಿಂಗಳು ದುಡ್ಡು ಹಾಕಬೇಡಿ. ಇವತ್ತು ಕೊಂಡೆ, ಇವತ್ತು ಮಾರಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸುಳ್ಳು ಬರೆಯಬೇಡಿ, ಅದು ಬಹಳ ಸುಲಭ. ಆಮೇಲೆ ಈ ಪೇಟೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆದ ಬ್ರೋಕರ್ ಹತ್ತಿರ ಖಾತೆ ತೆರೆಯಿರಿ. ಷೇರು ಖಾತೆ ಇದ್ದರೂ ಕಮಾಡಿಟಿಯನ್ನು ಬೇರೆಯಾಗಿ ಶುರು ಮಾಡಿಸಬೇಕು, ಆದಾಯದ ದಾಖಲೆ ಕೇಳುತ್ತಾರೆ. ಮೊದಲಿಗೆ ಗೋಲ್ಡ್ ಪೆಟಲ್ ಒಂದೇ ಒಂದು ಸಾಕು. ಅದು 1 ಗ್ರಾಂ ಚಿನ್ನದ ವಾಯಿದೆ. ನಷ್ಟವಾದರೂ ಹೊಟ್ಟೆಗೆ ಹೊಡೆಯಲ್ಲ, ಕಲಿಯೋದು ಅಷ್ಟೇ ಇರುತ್ತದೆ. ವಾಯಿದೆ ಮುಗಿಯುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಮುಂಚೆ ಮಾರಿ ಹೊರಬನ್ನಿ. ಇಲ್ಲದಿದ್ದರೆ ಚಿನ್ನ ತೆಗೆದುಕೊಳ್ಳಲೇಬೇಕಾದೀತು.

ಒಂದೂವರೆ ಲಕ್ಷದಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಮುಟ್ಟಬೇಡಿ. ಮುಂದಿನ ನಾಟಿಗೆ ಸಸಿ, ಗೊಬ್ಬರ, ಡ್ರಿಪ್ ಅಂತ ಬೇಕಲ್ವಾ? ಲಾಭ ನಷ್ಟ ಎರಡನ್ನೂ ವ್ಯಾಪಾರದ ಆದಾಯ ಅಂತ ರಿಟರ್ನಿನಲ್ಲಿ ತೋರಿಸಬೇಕು, ಅದನ್ನು ಆಡಿಟರ್‌ಗೆ ಬಿಡಿ. ಸುಮ್ನೆ ಮಗಳ ಮದುವೆಗೆ ಚಿನ್ನ ಕೂಡಿಡೋ ಯೋಚನೆ ಇದ್ದರೆ ಈ ಗಲಾಟೆಯೇ ಬೇಡ, ಷೇರಿನ ಹಾಗೆ ಕೊಂಡಿಡುವ ಚಿನ್ನದ ಫಂಡ್, ಗೋಲ್ಡ್ ಇಟಿಎಫ್ ಸಾಕು.

ಆ ಸ್ನೇಹಿತನಿಗೆ ಪಾಸ್‌ವರ್ಡ್ ಕೊಡಬೇಡಿ. ಬೇಜಾರಾದರೆ ಆಗಲಿ. ಅವನು ಸೋತ ದುಡ್ಡಿಗೂ ಫೋನ್ ಬರೋದು ನಿಮಗೇ.